ಕ್ಷಿಪಣಿ ಕವಚ: ಟರ್ಕಿಯ ಹಾದಿ, ಬೆಂಗಳೂರಿನ ಪಾಲು

ಬೆಂಗಳೂರು: 2025ರ ಮೇ 8ರ ರಾತ್ರಿ ಪಾಕಿಸ್ತಾನವು ಲೇಹ್‌ನಿಂದ ಸರ್ ಕ್ರೀಕ್‌ವರೆಗಿನ 36 ಸ್ಥಳಗಳತ್ತ 300ರಿಂದ 400 ಡ್ರೋನ್‌ಗಳನ್ನು ಹಾರಿಬಿಟ್ಟಿತು. ಅವು ಟರ್ಕಿಯ ‘ಅಸಿಸ್‌ಗಾರ್ಡ್ ಸೊಂಗಾರ್’ ಮಾದರಿಯವು ಎಂದು ಅವಶೇಷಗಳ ಪ್ರಾಥಮಿಕ ತನಿಖೆ ಸೂಚಿಸುತ್ತಿದೆ ಎಂಬುದಾಗಿ ಮರುದಿನ ಕರ್ನಲ್ ಸೋಫಿಯಾ ಖುರೇಷಿ ದೆಹಲಿಯಲ್ಲಿ ಪ್ರಕಟಿಸಿದರು. ಮೂರು ದಿನಗಳ ಬಳಿಕ ವಾಯುಪಡೆಯ ಏರ್ ಮಾರ್ಷಲ್ ಎ.ಕೆ. ಭಾರ್ತಿ, ಸ್ವದೇಶಿ ‘ಆಕಾಶ್’ ಕ್ಷಿಪಣಿ ವ್ಯವಸ್ಥೆಯ ಸಾಧನೆಯನ್ನು ಹೆಸರಿಸಿಯೇ ಶ್ಲಾಘಿಸಿದರು.

ಆ ವಾರದಿಂದೀಚೆಗೆ ಟರ್ಕಿ ಎಂದರೆ ಡ್ರೋನ್ ಮಾರುವ ದೇಶ ಎಂಬಷ್ಟಕ್ಕೇ ನಮ್ಮಲ್ಲಿ ಚರ್ಚೆ ಸೀಮಿತಗೊಂಡಿದೆ. ಆದರೆ ಅದೇ ಟರ್ಕಿ ತನ್ನ ಆಗಸವನ್ನು ಕಾಯುವ ಕ್ಷಿಪಣಿಗಳನ್ನು ನೆಲದ ಮೇಲೂ ಸಮರನೌಕೆಗಳ ಮೇಲೂ ತಾನೇ ತಯಾರಿಸತೊಡಗಿದೆ. ಭಾರತ ಹಿಡಿದಿರುವುದೂ ಅದೇ ಹಾದಿ. ಈ ಹಾದಿಯ ಬಹುಭಾಗ ಹಾದುಹೋಗುವುದು ಬೆಂಗಳೂರಿನ ಮೂಲಕ: ಸಿ.ವಿ. ರಾಮನ್ ನಗರದ ರೇಡಾರ್ ಪ್ರಯೋಗಾಲಯ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್), ಮತ್ತು ಅದಕ್ಕೆ ಕೂಗಳತೆಯಲ್ಲಿರುವ ಪೀಣ್ಯ, ರಾಜಗೋಪಾಲನಗರಗಳ ಸಣ್ಣ ಕೈಗಾರಿಕೆಗಳು. ಎರಡು ದೇಶಗಳ ಅನುಭವವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಮ್ಮ ಕೊರತೆ ಇರುವುದು ಪ್ರಯೋಗಾಲಯದಲ್ಲಿ ಅಲ್ಲ, ಆರ್ಡರ್‌ಗಳ ನಿರಂತರತೆಯಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ದಿಗ್ಬಂಧನ ಕಲಿಸಿದ ಪಾಠ

1974ರಲ್ಲಿ ಸೈಪ್ರಸ್‌ಗೆ ಸೇನೆ ಕಳುಹಿಸಿದ ಟರ್ಕಿಯ ಮೇಲೆ ಅಮೆರಿಕದ ಸಂಸತ್ತು 1975ರ ಫೆಬ್ರುವರಿಯಿಂದ ಶಸ್ತ್ರಾಸ್ತ್ರ ದಿಗ್ಬಂಧನ ಹೇರಿತು. ನ್ಯಾಟೋ ಮಿತ್ರರಾಷ್ಟ್ರವಾಗಿದ್ದರೂ ಬಿಡಿಭಾಗಗಳಿಗೂ ಪರದಾಡುವ ಸ್ಥಿತಿ ಬಂತು. ಅದೇ ವರ್ಷ ಸೇನಾ ಸಂಪರ್ಕ ಸಾಧನಗಳ ತಯಾರಿಕೆಗಾಗಿ ‘ಅಸೆಲ್ಸಾನ್’ ಕಂಪನಿ ಹುಟ್ಟಿತು. 1988ರಲ್ಲಿ ರಾಕೆಟ್ ತಯಾರಿಸುವ ‘ರಾಕೆಟ್ಸಾನ್’ ಜೊತೆಗೂಡಿತು. ನಮ್ಮ ಬಿಇಎಲ್ ಸ್ಥಾಪನೆಯಾದದ್ದು 1954ರಲ್ಲಿ. ಅಂದರೆ ಅಸೆಲ್ಸಾನ್‌ಗಿಂತ ಬಿಇಎಲ್ 21 ವರ್ಷ ಹಿರಿಯದು.

ದೂರಗಾಮಿ ವಾಯುರಕ್ಷಣಾ ವ್ಯವಸ್ಥೆಯ ವಿಚಾರದಲ್ಲಿ ಟರ್ಕಿ ಬಹುಕಾಲ ಹೊರಗಿನವರ ಬಾಗಿಲು ತಟ್ಟಿತು. 2013ರಲ್ಲಿ ಚೀನಾದ ಕಂಪನಿಯೊಂದನ್ನು ಆಯ್ಕೆ ಮಾಡಿತು. ನ್ಯಾಟೋ ರಾಷ್ಟ್ರಗಳ ಒತ್ತಡ ಹೆಚ್ಚಿ 2015ರಲ್ಲಿ ಆ ನಿರ್ಧಾರವನ್ನು ಕೈಬಿಟ್ಟಿತು. 2017ರಲ್ಲಿ ರಷ್ಯಾದ ಎಸ್-400 ಖರೀದಿಗೆ ಸಹಿ ಹಾಕಿತು. 2019ರ ಜುಲೈನಲ್ಲಿ ಮೊದಲ ಸಾಮಗ್ರಿ ಬಂದಿಳಿಯುತ್ತಿದ್ದಂತೆಯೇ ಅಮೆರಿಕವು ಟರ್ಕಿಯನ್ನು ಎಫ್-35 ಯುದ್ಧವಿಮಾನ ಯೋಜನೆಯಿಂದ ಹೊರಹಾಕಿತು. 2020ರ ಡಿಸೆಂಬರ್‌ನಲ್ಲಿ ಅದರ ರಕ್ಷಣಾ ಖರೀದಿ ಸಂಸ್ಥೆಯ ಮೇಲೆ ನಿರ್ಬಂಧವನ್ನೂ ವಿಧಿಸಿತು.

ಗಮನಾರ್ಹ ಸಂಗತಿಯೆಂದರೆ, ಈ ಅಲೆದಾಟದ ನಡುವೆಯೂ ಸ್ವದೇಶಿ ಯೋಜನೆ ನಿಲ್ಲಲಿಲ್ಲ. 2011ರಲ್ಲೇ ‘ಹಿಸಾರ್’ ಸರಣಿಯ ಗುತ್ತಿಗೆಯನ್ನು ಅಸೆಲ್ಸಾನ್‌ಗೆ ನೀಡಲಾಗಿತ್ತು. ಟರ್ಕಿ ಭಾಷೆಯಲ್ಲಿ ಹಿಸಾರ್ ಎಂದರೆ ಕೋಟೆ. 15 ಕಿ.ಮೀ. ವ್ಯಾಪ್ತಿಯ ಹಿಸಾರ್-ಎ ಪ್ಲಸ್, 25 ಕಿ.ಮೀ. ವ್ಯಾಪ್ತಿಯ ಹಿಸಾರ್-ಒ ಪ್ಲಸ್, ಅದರ ಮೇಲೆ 100 ಕಿ.ಮೀ.ಗೂ ಮಿಗಿಲಾದ ‘ಸಿಪೆರ್’, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಲಾಯಿತು. 2024ರ ಜನವರಿಯಲ್ಲಿ ಸೇವೆಗೆ ಸೇರಿದ ‘ಟಿಸಿಜಿ ಇಸ್ತಾಂಬುಲ್’ ಸಮರನೌಕೆಗೆ ಕ್ಷಿಪಣಿಗಳನ್ನು ನೇರವಾಗಿ ಮೇಲಕ್ಕೆ ಚಿಮ್ಮಿಸುವ ‘ಮಿಡ್ಲಾಸ್’ ಎಂಬ ಸ್ವದೇಶಿ ಉಡಾವಣಾ ಕೋಶಗಳನ್ನು ಅಳವಡಿಸಲಾಯಿತು. ಇವೆಲ್ಲವನ್ನೂ ಒಂದೇ ಜಾಲಕ್ಕೆ ಜೋಡಿಸುವ ‘ಉಕ್ಕಿನ ಗುಮ್ಮಟ’ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ದೊರೆಯಿತು. ಮರುವರ್ಷದ ಆಗಸ್ಟ್ 27ರಂದು 46 ಕೋಟಿ ಡಾಲರ್ ಮೌಲ್ಯದ 47 ವಾಹನಗಳನ್ನು ಸೇನೆಗೆ ಹಸ್ತಾಂತರಿಸಲಾಯಿತು.

ಟರ್ಕಿ ಎಲ್ಲವನ್ನೂ ಸಾಧಿಸಿಬಿಟ್ಟಿದೆ ಎಂದು ಇದರ ಅರ್ಥವಲ್ಲ. ಎಸ್-400ಕ್ಕೆ ಸರಿಸಾಟಿಯಾದ ಸ್ವದೇಶಿ ವ್ಯವಸ್ಥೆಯನ್ನು ಅದು ಇನ್ನೂ ಪೂರ್ಣಗೊಳಿಸಬೇಕಿದೆ. ಆದರೆ ಗುತ್ತಿಗೆ ನೀಡಿದ 10 ವರ್ಷಗಳೊಳಗೆ, 2021ರಲ್ಲಿ, ಅಲ್ಪವ್ಯಾಪ್ತಿಯ ಕ್ಷಿಪಣಿ ಸೈನಿಕರ ಕೈಸೇರಿತು. ಒಂದು ಮಾದರಿ ಮುಗಿಯುವ ಮುನ್ನವೇ ಮುಂದಿನದರ ಕೆಲಸ ಶುರುವಾಗಿರುತ್ತಿತ್ತು.

ಆಕಾಶ್‌ನ 32 ವರ್ಷ

ಭಾರತದ ಕಥೆ 1983ರಿಂದ ಆರಂಭ. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಮುಂದಾಳತ್ವದ ಸಮಗ್ರ ಕ್ಷಿಪಣಿ ಅಭಿವೃದ್ಧಿ ಯೋಜನೆಯ ಐದು ಕ್ಷಿಪಣಿಗಳಲ್ಲಿ ಎರಡು ಆಗಸ ಕಾಯುವಂಥವು: ಅಲ್ಪವ್ಯಾಪ್ತಿಯ ‘ತ್ರಿಶೂಲ್’ ಮತ್ತು ಮಧ್ಯಮ ವ್ಯಾಪ್ತಿಯ ‘ಆಕಾಶ್’. ಆಕಾಶ್ ಯೋಜನೆಯ ನಿರ್ದೇಶಕರಾಗಿದ್ದ ಡಾ. ಪ್ರಹ್ಲಾದ ರಾಮರಾವ್ ಬೆಂಗಳೂರಿನಲ್ಲಿ ಓದಿದವರು.

ಸುಮಾರು 5.8 ಮೀಟರ್ ಉದ್ದ, 700 ಕಿಲೋ ಮೀರಿದ ತೂಕ, 25 ಕಿ.ಮೀ. ವ್ಯಾಪ್ತಿ ಆಕಾಶ್‌ನ ಸ್ಥೂಲ ಪರಿಚಯ. ಇದರ ಮೂಲ ಮಾದರಿಯಲ್ಲಿ ಗುರಿಯನ್ನು ತಾನೇ ಹುಡುಕುವ ‘ಕಣ್ಣು’ ಇರಲಿಲ್ಲ. ನೆಲದ ಮೇಲಿನ ರೇಡಾರ್ ಶತ್ರುವಿಮಾನವನ್ನೂ ತನ್ನ ಕ್ಷಿಪಣಿಯನ್ನೂ ಒಟ್ಟಿಗೆ ಗಮನಿಸುತ್ತಾ ಕ್ಷಿಪಣಿಗೆ ಕ್ಷಣಕ್ಷಣಕ್ಕೂ ಆಜ್ಞೆ ರವಾನಿಸಬೇಕು. ಹೀಗಾಗಿ ವ್ಯವಸ್ಥೆಯ ಜೀವಾಳವೇ ರೇಡಾರ್. ‘ರಾಜೇಂದ್ರ’ ಹೆಸರಿನ ಆ ರೇಡಾರನ್ನು ರೂಪಿಸಿದ್ದು ಸಿ.ವಿ. ರಾಮನ್ ನಗರದ ಎಲ್‌ಆರ್‌ಡಿಇ ಪ್ರಯೋಗಾಲಯ. ವಾಯುಪಡೆಗೆ ಇಡೀ ವ್ಯವಸ್ಥೆಯನ್ನು ಜೋಡಿಸಿಕೊಡುವ ಹೊಣೆ ಬಿಇಎಲ್‌ನದು. ಭೂಸೇನೆಯ ಪಾಲಿನದನ್ನು ಹೈದರಾಬಾದ್‌ನ ಭಾರತ್ ಡೈನಮಿಕ್ಸ್ ನೋಡಿಕೊಳ್ಳುತ್ತದೆ.

ಮೊದಲ ಪರೀಕ್ಷಾ ಹಾರಾಟ ನಡೆದದ್ದು 1990ರಲ್ಲಿ. ಭೂಸೇನೆ ಮತ್ತು ವಾಯುಪಡೆಗಳಿಗೆ ವಿಧ್ಯುಕ್ತವಾಗಿ ಸೇರ್ಪಡೆಯಾದದ್ದು 2015ರಲ್ಲಿ. ಯೋಜನೆ ಆರಂಭವಾಗಿ ಆ ವೇಳೆಗೆ 32 ವರ್ಷಗಳು ಸಂದಿದ್ದವು. ವಿಳಂಬವೊಂದೇ ಸಮಸ್ಯೆಯಾಗಿರಲಿಲ್ಲ. 2014ರಲ್ಲಿ ಪರೀಕ್ಷಾರ್ಥ ಉಡಾಯಿಸಿದ 20 ಕ್ಷಿಪಣಿಗಳ ಪೈಕಿ 6 ವಿಫಲವಾದವು ಎಂದು ಮಹಾಲೇಖಪಾಲರ 2017ರ ವರದಿ ದಾಖಲಿಸಿದೆ. ಯಾವ ಹೊಸ ಕ್ಷಿಪಣಿಯೂ ಮೊದಲ ತಂಡದಲ್ಲೇ ಪಕ್ವವಾಗಿ ಬರುವುದಿಲ್ಲ. ದೋಷ ಪತ್ತೆಯಾಗಿ, ತಿದ್ದುಪಡಿಯಾಗಿ, ಮುಂದಿನ ತಂಡ ಹೊರಬಂದಾಗಲೇ ಗುಣಮಟ್ಟ ಕುದುರುವುದು. 2025ರ ಮೇ ತಿಂಗಳ ಯಶಸ್ಸಿನ ಹಿಂದೆ ಈ ಹತ್ತು ವರ್ಷಗಳ ತಿದ್ದುಪಡಿಯ ಶ್ರಮವಿದೆ.

ತಿದ್ದುಪಡಿಗೂ ಕಾದು ಕೂರುವ ತಾಳ್ಮೆ ಇಲ್ಲದೆಡೆ ಏನಾಗುತ್ತದೆ ಎಂಬುದಕ್ಕೆ ತ್ರಿಶೂಲ್ ನಿದರ್ಶನ. ನೌಕಾಪಡೆಗೂ ಬಳಕೆಯಾಗಬೇಕಿದ್ದ ಆ ಯೋಜನೆ 2008ರಲ್ಲಿ ಅಧಿಕೃತವಾಗಿ ಮುಚ್ಚಿಹೋಯಿತು. ಅಷ್ಟರಲ್ಲಾಗಲೇ ನೌಕಾಪಡೆ ಇಸ್ರೇಲ್‌ನ ಬರಾಕ್-1 ಕೊಂಡಿತ್ತು.

ಹಡಗಿನ ಮೇಲೆ ಬೇರೆಯೇ ಲೆಕ್ಕ

ನೆಲದ ಮೇಲೆ ಕೆಲಸ ಮಾಡುವ ಕ್ಷಿಪಣಿಯನ್ನು ಹಾಗೆಯೇ ಹಡಗಿಗೆ ಏರಿಸಲಾಗದು. ಹಡಗು ಓಲಾಡುತ್ತದೆ. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಜಾಗವಂತೂ ಇಕ್ಕಟ್ಟು. ಎಲ್ಲಕ್ಕಿಂತ ಮಿಗಿಲಾಗಿ ಸಮಯವಿಲ್ಲ. ನೀರಿನಿಂದ ಐದೇ ಮೀಟರ್ ಎತ್ತರದಲ್ಲಿ ನುಗ್ಗಿ ಬರುವ ಹಡಗುನಾಶಕ ಕ್ಷಿಪಣಿಯು ಭೂಮಿಯ ವಕ್ರತೆಯಿಂದಾಗಿ 20 ಮೀಟರ್ ಎತ್ತರದ ರೇಡಾರ್‌ಗೆ ಗೋಚರಿಸುವುದು 27-28 ಕಿ.ಮೀ. ದೂರಕ್ಕೆ ಬಂದಾಗಲೇ. ಶಬ್ದಕ್ಕಿಂತ ತುಸು ಕಡಿಮೆ ವೇಗದ್ದಾದರೂ ಉಳಿಯುವುದು ಸುಮಾರು ಒಂದೂವರೆ ನಿಮಿಷ. ಅಷ್ಟರಲ್ಲಿ ಗುರುತಿಸಿ, ನಿರ್ಧರಿಸಿ, ಉಡಾಯಿಸಿ, ಹೊಡೆದುರುಳಿಸಬೇಕು. ಹಡಗನ್ನು ತಿರುಗಿಸುವ ಗೋಜಿಲ್ಲದೆ ಯಾವ ದಿಕ್ಕಿಗಾದರೂ ಉಡಾಯಿಸಲು ನೆರವಾಗುವುದು ನೇರ ಮೇಲ್ಮುಖ ಉಡಾವಣಾ ಕೋಶ. ಟರ್ಕಿ ಮಿಡ್ಲಾಸ್‌ಗೆ ಅಷ್ಟೊಂದು ಮಹತ್ವ ನೀಡಿದ್ದು ಇದೇ ಕಾರಣಕ್ಕೆ.

ಭಾರತ ಇಲ್ಲಿ ಇಸ್ರೇಲ್ ಜೊತೆ ಕೈಜೋಡಿಸಿತು. 2006ರ ಒಪ್ಪಂದದಿಂದ ಆರಂಭವಾದ, ಬರಾಕ್-8 ಎಂದೇ ಪರಿಚಿತವಾದ 70 ಕಿ.ಮೀ. ವ್ಯಾಪ್ತಿಯ ಕ್ಷಿಪಣಿಯನ್ನು 2015ರ ಡಿಸೆಂಬರ್‌ನಲ್ಲಿ ಐಎನ್‌ಎಸ್ ಕೋಲ್ಕತ್ತಾದಿಂದ ಯಶಸ್ವಿಯಾಗಿ ಪರೀಕ್ಷಿಸಲಾಯಿತು. ಅದರ ನೆಲದ ಆವೃತ್ತಿ 2021ರ ಸೆಪ್ಟೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ವಾಯುಪಡೆ ಸೇರಿತು. ಏಳು ಸಮರನೌಕೆಗಳಿಗೆ ಈ ವ್ಯವಸ್ಥೆ ಒದಗಿಸುವ 9,200 ಕೋಟಿ ರೂ. ಗುತ್ತಿಗೆ 2018ರಲ್ಲಿ ಬಿಇಎಲ್‌ಗೆ ದೊರೆತಾಗ ಬೆಂಗಳೂರಿನಲ್ಲಿ ಸಂತಸ ವ್ಯಕ್ತವಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಮತ್ತೊಂದು ಪ್ರಕಟಣೆ ಹೊರಡಿಸಿತು: ಏಳು ಭಾರತೀಯ ಹಡಗುಗಳಿಗಾಗಿ ಬಿಇಎಲ್‌ನಿಂದ ತನಗೆ 77.7 ಕೋಟಿ ಡಾಲರ್ ಗುತ್ತಿಗೆ ಲಭಿಸಿದೆ ಎಂದು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 5,700 ಕೋಟಿ ರೂ. ಎರಡೂ ಪ್ರಕಟಣೆಗಳನ್ನು ಒಟ್ಟಿಗೆ ಓದಿದರೆ, ಬೆಂಗಳೂರಿನ ಹೆಸರಿನಲ್ಲಿ ಬಂದ ಹಣದ ಅರ್ಧಕ್ಕೂ ಹೆಚ್ಚು ಪಾಲು ಎಲ್ಲಿಗೆ ಸಾಗಿತು ಎಂಬುದು ಅರ್ಥವಾಗುತ್ತದೆ.

ಬರಾಕ್-1ರ ಜಾಗ ತುಂಬಲು ಸಂಪೂರ್ಣ ಸ್ವದೇಶಿಯಾದ ಮೇಲ್ಮುಖ ಉಡಾವಣೆಯ ಅಲ್ಪವ್ಯಾಪ್ತಿ ಕ್ಷಿಪಣಿಯನ್ನು (ವಿಎಲ್-ಎಸ್‌ಆರ್‌ಸ್ಯಾಮ್) ಡಿಆರ್‌ಡಿಒ ರೂಪಿಸಿದೆ. ಅದರ ಮೊದಲ ಪರೀಕ್ಷೆ ನಡೆದದ್ದು 2021ರ ಫೆಬ್ರುವರಿ 22ರಂದು, ಚಾಂದಿಪುರದಲ್ಲಿ. ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. ವಿಮಾನವಾಹಕ ‘ವಿಕ್ರಮಾದಿತ್ಯ’ದ ನೆಲೆ ಕಾರವಾರ. ಸೀಬರ್ಡ್‌ಗಾಗಿ ಊರು ಬಿಟ್ಟ ಉತ್ತರ ಕನ್ನಡದ ಕುಟುಂಬಗಳು ಬೆಲೆ ತೆತ್ತು ಒದಗಿಸಿದ ಆ ನೆಲೆಯ ಹಡಗುಗಳನ್ನು ಕಾಯುವ ಕ್ಷಿಪಣಿ ಎಲ್ಲಿ ತಯಾರಾಗಬೇಕು ಎಂಬ ಪ್ರಶ್ನೆ ರಾಜ್ಯದ್ದೂ ಹೌದು.

ಶೇಕಡಾವಾರಿನ ಗೋಜಲು

ಆಕಾಶ್ ರಫ್ತಿಗೆ ಅನುಮತಿ ನೀಡಿದ 2020ರ ಡಿಸೆಂಬರ್ 30ರ ಕೇಂದ್ರ ಸಂಪುಟದ ಪ್ರಕಟಣೆಯಲ್ಲಿ ಈ ಕ್ಷಿಪಣಿ ಶೇ. 96ಕ್ಕೂ ಹೆಚ್ಚು ಸ್ವದೇಶಿ ಎನ್ನಲಾಗಿತ್ತು. 2023ರ ಮಾರ್ಚ್‌ನಲ್ಲಿ ಭೂಸೇನೆಗೆ ಸುಧಾರಿತ ಆಕಾಶ್ ಒದಗಿಸುವ 8,160 ಕೋಟಿ ರೂ. ಗುತ್ತಿಗೆಗೆ ಸಹಿ ಬಿದ್ದಾಗ, ಅದರ ಸ್ವದೇಶಿ ಅಂಶ ಶೇ. 82, ಅದನ್ನು 2026-27ರ ವೇಳೆಗೆ ಶೇ. 93ಕ್ಕೆ ಏರಿಸಲಾಗುವುದು ಎಂದು ರಕ್ಷಣಾ ಸಚಿವಾಲಯ ತಿಳಿಸಿತು.

ಎರಡೂ ಹೇಳಿಕೆಗಳು ಬೇರೆ ಬೇರೆ ಆವೃತ್ತಿಗಳಿಗೆ ಸಂಬಂಧಿಸಿದವು. ಸುಧಾರಿತ ಆವೃತ್ತಿಗೆ ಗುರಿಯನ್ನು ತಾನೇ ಹಿಡಿಯುವ ‘ಸೀಕರ್’ ಮೊದಲಾದ ಹೊಸ ಅಂಗಗಳು ಸೇರಿವೆ. ತಂತ್ರಜ್ಞಾನ ಒಂದು ಮೆಟ್ಟಿಲು ಮೇಲೇರಿದಾಗಲೆಲ್ಲ ಸ್ವಾವಲಂಬನೆಯ ಅಂಕ ಕೆಳಗಿಳಿಯುವುದು ಸಹಜ. ಆದ್ದರಿಂದ ಸ್ವದೇಶೀಕರಣ ಎಂಬುದು ಒಮ್ಮೆ ತಲುಪಿ ನಿಲ್ಲುವ ಗುರಿಯಲ್ಲ. ಪ್ರತಿ ಹೊಸ ಆವೃತ್ತಿಗೂ ಹೊಸ ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಉದ್ಯಮಗಳು ಸಿದ್ಧವಿರಬೇಕು. ಉಳಿದ ಆ ಹತ್ತಾರು ಶೇಕಡಾ ಅಂಶವನ್ನು ತುಂಬಬೇಕಾದವರಲ್ಲಿ ಪೀಣ್ಯದ ಕಾರ್ಖಾನೆಗಳೂ ಸೇರಿವೆ.

ರಾಜಗೋಪಾಲನಗರದ ಷೆಡ್‌ಗಳಲ್ಲಿ

ಕ್ಷಿಪಣಿ ವ್ಯವಸ್ಥೆ ಎಂದೊಡನೆ ಕಣ್ಮುಂದೆ ಬರುವುದು ಗಣರಾಜ್ಯೋತ್ಸವದ ಮೆರವಣಿಗೆಯ ದೊಡ್ಡ ವಾಹನ. ಅದನ್ನು ಬಿಡಿಸಿಟ್ಟರೆ ಸಿಗುವುದು ಸಾವಿರಾರು ಸಣ್ಣ ವಸ್ತುಗಳು: ರೇಡಾರ್ ಪೆಟ್ಟಿಗೆಯ ಅಲ್ಯೂಮಿನಿಯಂ ಚೌಕಟ್ಟು, ಶಾಖ ಹೊರಹಾಕುವ ತಟ್ಟೆ, ಕನೆಕ್ಟರ್, ತಂತಿಗಳ ಕಟ್ಟು, ಬ್ರಾಕೆಟ್, ಹಿಂಜು, ಬೋಲ್ಟು. ಇಂತಹ ವಸ್ತುಗಳನ್ನು ದೊಡ್ಡ ಕಂಪನಿಗಳು ತಾವೇ ಮಾಡುವುದು ಅಪರೂಪ. ಡ್ರಾಯಿಂಗ್ ಕೊಟ್ಟು ಹೊರಗಿನ ಘಟಕಗಳಿಂದ ಮಾಡಿಸಿಕೊಳ್ಳುತ್ತವೆ.

ಎಚ್‌ಎಂಟಿ, ಬಿಇಎಲ್‌ಗಳಂತಹ ಸಾರ್ವಜನಿಕ ಉದ್ದಿಮೆಗಳ ನೆರಳಿನಲ್ಲೇ ಪೀಣ್ಯ ಬೆಳೆಯಿತು. ಪೀಣ್ಯ ಎರಡನೇ ಹಂತಕ್ಕೆ ಅಂಟಿಕೊಂಡಿರುವ ರಾಜಗೋಪಾಲನಗರದಲ್ಲಿ ಮನೆಯ ಕೆಳಗೆ ಲೇತು, ಮೇಲೆ ವಾಸ ಎಂಬಂತಹ ಕಟ್ಟಡಗಳೇ ಹೆಚ್ಚು. ಒಂದು ಷೆಡ್ಡಿನಲ್ಲಿ ಟರ್ನಿಂಗ್, ಪಕ್ಕದಲ್ಲಿ ಗ್ರೈಂಡಿಂಗ್, ಮುಂದಿನ ರಸ್ತೆಯಲ್ಲಿ ಪ್ಲೇಟಿಂಗ್. ಒಂದೇ ಬಿಡಿಭಾಗ ಸಿದ್ಧವಾಗುವಷ್ಟರಲ್ಲಿ ನಾಲ್ಕಾರು ಕಡೆ ಸುತ್ತಾಡಿರುತ್ತದೆ. ಈ ಸಾಮೀಪ್ಯವೇ ಇಲ್ಲಿನ ಬಂಡವಾಳ.

ಆದರೆ ರಕ್ಷಣಾ ಕೆಲಸದ ರೀತಿಯೇ ಬೇರೆ. ಕಾರಿನ ಬಿಡಿಭಾಗ ತಿಂಗಳಿಗೆ ಸಾವಿರಗಟ್ಟಲೆ ಬೇಕು. ಕ್ಷಿಪಣಿ ವ್ಯವಸ್ಥೆಯದು ಡಜನ್ ಲೆಕ್ಕದಲ್ಲಿ. ಅಳತೆಯಲ್ಲಿ ಮೈಕ್ರಾನ್ ಹೆಚ್ಚುಕಡಿಮೆಯಾದರೂ ತಿರಸ್ಕೃತ. ಕಚ್ಚಾ ಲೋಹದ ಪ್ರಮಾಣಪತ್ರದಿಂದ ಹಿಡಿದು ಪ್ರತಿ ಹಂತದ ದಾಖಲೆ ಇಡಬೇಕು. ಎಎಸ್9100 ಗುಣಮಟ್ಟ ಪ್ರಮಾಣಪತ್ರ, ಮೂರು ಆಯಾಮಗಳಲ್ಲಿ ಅಳೆಯುವ ಯಂತ್ರ, ನುರಿತ ಇನ್‌ಸ್ಪೆಕ್ಟರ್, ಇವೆಲ್ಲಕ್ಕೂ ಸಾಲ ಮಾಡಿ ಸಿದ್ಧವಾಗುವ ಹೊತ್ತಿಗೆ ಗುತ್ತಿಗೆ ಮುಗಿದು ಮುಂದಿನ ಆರ್ಡರ್‌ಗೆ ವರ್ಷಗಟ್ಟಲೆ ಕಾಯಬೇಕಾದರೆ ಮಾಲೀಕ ಯಂತ್ರವನ್ನು ಮತ್ತೆ ಆಟೊಮೊಬೈಲ್ ಜಾಬ್ ವರ್ಕ್‌ಗೆ ತಿರುಗಿಸದೆ ವಿಧಿಯಿಲ್ಲ. ಕೈಪಳಗಿದ ಕೆಲಸಗಾರ ಬೇರೆಡೆ ಹೋಗುತ್ತಾನೆ. ಮತ್ತೆ ಆರ್ಡರ್ ಬಂದಾಗ ಕಲಿಕೆ ಮೊದಲಿನಿಂದ ಶುರು.

ಹಣ ಪಾವತಿಯದು ಇನ್ನೊಂದು ಮುಖ. 2006ರ ಸಣ್ಣ ಕೈಗಾರಿಕೆಗಳ ಕಾಯ್ದೆಯಂತೆ ಸರಕು ಸ್ವೀಕರಿಸಿದ ಗರಿಷ್ಠ 45 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಸ್ವೀಕೃತವೆಂದೇ ಕಾನೂನು ಭಾವಿಸುತ್ತದೆ. ನಿಗದಿತ ಅವಧಿಯಲ್ಲಿ ಪಾವತಿಸದ ಮೊತ್ತಕ್ಕೆ ಆ ವರ್ಷ ತೆರಿಗೆ ವಿನಾಯಿತಿ ದೊರೆಯದಂತೆ 2024ರ ಏಪ್ರಿಲ್‌ನಿಂದ ನಿಯಮವೂ ಜಾರಿಗೆ ಬಂತು. ಕಾಗದದ ಮೇಲೆ ರಕ್ಷಣೆ ಬಲವಾಗಿದೆ. ಆದರೆ ಸರಪಳಿಯ ಮೂರನೇ ನಾಲ್ಕನೇ ಕೊಂಡಿಯಲ್ಲಿರುವ ಘಟಕಕ್ಕೆ ಹಣ ಕೊಡಬೇಕಾದವನು ಇನ್ನೊಬ್ಬ ಸಣ್ಣ ಉದ್ಯಮಿ. ಅವನ ಮೇಲೆ ದೂರು ಕೊಟ್ಟರೆ ಮುಂದಿನ ಕೆಲಸ ತಪ್ಪುತ್ತದೆ ಎಂಬ ಅಳುಕು ಕಾನೂನಿಗಿಂತ ದೊಡ್ಡದು.

ಕಾರಿಡಾರ್ ಇಲ್ಲದ ರಾಜ್ಯ

2018ರ ಬಜೆಟ್‌ನಲ್ಲಿ ಘೋಷಿಸಲಾದ ಎರಡು ರಕ್ಷಣಾ ಕೈಗಾರಿಕಾ ಕಾರಿಡಾರ್‌ಗಳು ತಮಿಳುನಾಡು ಮತ್ತು ಉತ್ತರ ಪ್ರದೇಶದ ಪಾಲಾದವು. ಬಿಇಎಲ್, ಎಚ್‌ಎಎಲ್, ಡಿಆರ್‌ಡಿಒ ಪ್ರಯೋಗಾಲಯಗಳ ತವರಾದ ಕರ್ನಾಟಕಕ್ಕೆ ಅದು ದಕ್ಕಲಿಲ್ಲ. 2025ರಲ್ಲಿ ಕೈಗಾರಿಕಾ ಸಚಿವ ಎಂ.ಬಿ. ಪಾಟೀಲ ಈ ಬೇಡಿಕೆಯನ್ನು ಕೇಂದ್ರದ ಮುಂದಿಟ್ಟರು. ಅದೇ ವರ್ಷದ ಜುಲೈನಲ್ಲಿ, ಏರೋಸ್ಪೇಸ್ ಪಾರ್ಕ್‌ಗಾಗಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ರೈತರ ಮೂರು ವರ್ಷಗಳ ದೀರ್ಘ ಹೋರಾಟಕ್ಕೆ ಮಣಿದು ಸರ್ಕಾರ ಕೈಬಿಟ್ಟಿತು. ಬೆನ್ನಲ್ಲೇ ನೆರೆಯ ಆಂಧ್ರದ ಸಚಿವ ನಾರಾ ಲೋಕೇಶ್ ಉದ್ಯಮಿಗಳಿಗೆ ಬಹಿರಂಗ ಆಹ್ವಾನ ನೀಡಿದರು. ರಾಜ್ಯದ ಗಡಿಯಿಂದ ಅನತಿ ದೂರದ ಪಾಲಸಮುದ್ರಂನಲ್ಲಿ ಬಿಇಎಲ್ ಕೂಡ ತನ್ನ ಹೊಸ ಸಂಕೀರ್ಣವನ್ನು ಯೋಜಿಸಿದೆ.

ಫಲವತ್ತಾದ ಭೂಮಿಯನ್ನು ಉಳಿಸಿಕೊಳ್ಳುವ ರೈತರ ಹಕ್ಕನ್ನು ಪ್ರಶ್ನಿಸಲಾಗದು. ಆದರೆ ರಕ್ಷಣಾ ಉದ್ಯಮ ಎಂದರೆ ಹೊಸ ಸಾವಿರಾರು ಎಕರೆಯೇ ಬೇಕೆಂಬ ಕಲ್ಪನೆ ಎಷ್ಟು ಸರಿ? ಪೀಣ್ಯದಲ್ಲಿ ಈಗಾಗಲೇ ಇರುವ ಘಟಕಗಳಿಗೆ ಬೇಕಾಗಿರುವುದು ಸಾಮೂಹಿಕ ಪರೀಕ್ಷಾ ಕೇಂದ್ರ, ಅಂತರ್ಜಲ ಕೆಡಿಸದ ಸಾಮೂಹಿಕ ಪ್ಲೇಟಿಂಗ್ ಘಟಕ, ಗುಂಡಿ ಬೀಳದ ರಸ್ತೆ ಮತ್ತು ತಡೆಯಿಲ್ಲದ ವಿದ್ಯುತ್. ಇವ್ಯಾವುದಕ್ಕೂ ಹೊಸದಾಗಿ ಹಳ್ಳಿಗಳನ್ನು ಎಬ್ಬಿಸಬೇಕಾಗಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿಂದ ತುಮಕೂರು ರಸ್ತೆಯ ಗುಂಟ ಪೀಣ್ಯದವರೆಗೆ ಹೆಸರಿಲ್ಲದ ಕಾರಿಡಾರ್ ಒಂದು ಈಗಾಗಲೇ ರೂಪುಗೊಂಡಿದೆ.

ಮುಂದೇನು?

ಮುಂಬರುವ ಕೆಲಸಕ್ಕೇನೂ ಕೊರತೆಯಿಲ್ಲ. ಸೇನಾ ತುಕಡಿಗಳ ಜೊತೆಯಲ್ಲೇ ಸಾಗುವ ಕ್ಷಿಪ್ರ ಪ್ರತಿಕ್ರಿಯೆಯ ಕ್ಷಿಪಣಿ ವ್ಯವಸ್ಥೆಯ (ಕ್ಯೂಆರ್‌ಸ್ಯಾಮ್) ಖರೀದಿಗೆ 2025ರ ಜುಲೈನಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿತು. ಆನಂತರ ಸುಮಾರು 30,000 ಕೋಟಿ ರೂ. ಮೌಲ್ಯದ ಟೆಂಡರ್ ಬಿಇಎಲ್‌ಗೆ ಬಂದಿದ್ದು ವರದಿಯಾಗಿದೆ. 350 ಕಿ.ಮೀ.ವರೆಗಿನ ವ್ಯಾಪ್ತಿಯ ‘ಕುಶ’ ಯೋಜನೆ ಸಿದ್ಧತೆಯ ಹಂತ ದಾಟಿದೆ. 2025ರ ಆಗಸ್ಟ್ 15ರಂದು ಪ್ರಧಾನಿ ‘ಸುದರ್ಶನ ಚಕ್ರ’ ಅಭಿಯಾನವನ್ನು ಘೋಷಿಸಿದರು. ಎಂಟೇ ದಿನಗಳಲ್ಲಿ ಒಡಿಶಾ ತೀರದಲ್ಲಿ ಬಹುಸ್ತರದ ವಾಯುರಕ್ಷಣಾ ವ್ಯವಸ್ಥೆಯ ಮೊದಲ ಪರೀಕ್ಷೆಯೂ ನಡೆಯಿತು.

ಪ್ರಶ್ನೆ ಇರುವುದು ಈ ಆರ್ಡರ್‌ಗಳು ಯಾವ ಲಯದಲ್ಲಿ ಬರುತ್ತವೆ ಎಂಬುದರಲ್ಲಿ. ಅಗ್ಗದ ಡ್ರೋನ್‌ಗಳು ನೂರಾರು ಸಂಖ್ಯೆಯಲ್ಲಿ ಬರುವ ಕಾಲದಲ್ಲಿ ಉಗ್ರಾಣದಲ್ಲಿರುವ ಕ್ಷಿಪಣಿಗಳ ಸಂಖ್ಯೆಗಿಂತ, ಖಾಲಿಯಾದಷ್ಟನ್ನು ಎಷ್ಟು ಬೇಗ ತುಂಬಬಹುದು ಎಂಬುದೇ ಮುಖ್ಯ. 2018ರಲ್ಲಿ 543 ಕೋಟಿ ಡಾಲರ್‌ಗೆ ಒಪ್ಪಂದವಾದ ಐದು ಎಸ್-400 ಘಟಕಗಳ ಪೈಕಿ ಮೂರು ಮಾತ್ರ ಸಂಘರ್ಷದ ವೇಳೆಗೆ ಭಾರತದ ಕೈಸೇರಿದ್ದವು. ಮಾರುವವನೇ ಉಕ್ರೇನ್‌ನಲ್ಲಿ ಯುದ್ಧಕ್ಕಿಳಿದರೆ ಕೊಳ್ಳುವವನು ಕಾಯಬೇಕಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಟರ್ಕಿಗೆ ಈ ಸತ್ಯವನ್ನು ದಿಗ್ಬಂಧನ ಕಲಿಸಿತು. ಅದರ ವಿದೇಶಾಂಗ ನೀತಿಯನ್ನು ಭಾರತ ಒಪ್ಪಬೇಕಾಗಿಲ್ಲ, ಮೇ ತಿಂಗಳ ನಂತರವಂತೂ ಒಪ್ಪುವ ಪ್ರಶ್ನೆಯೇ ಇಲ್ಲ. ಆದರೆ ಒಂದು ಆವೃತ್ತಿಯ ಬೆನ್ನಿಗೇ ಮತ್ತೊಂದಕ್ಕೆ ಆರ್ಡರ್ ನೀಡಿ ಕಾರ್ಖಾನೆಗಳನ್ನು ಬಿಸಿಯಾಗಿಟ್ಟ ಅದರ ಕ್ರಮ ಗಮನಿಸತಕ್ಕದ್ದು. ಬಿಇಎಲ್‌ನಂತಹ ಸಂಸ್ಥೆಗಳು ತಮ್ಮ ಐದು ವರ್ಷಗಳ ಅಗತ್ಯವನ್ನು ಮುಂಚಿತವಾಗಿ ಪ್ರಕಟಿಸಿ, ಸಣ್ಣ ಘಟಕಗಳೊಡನೆ ದೀರ್ಘಾವಧಿ ದರ ಒಪ್ಪಂದ ಮಾಡಿಕೊಂಡು, ಸರಪಳಿಯ ಕೊನೆಯ ಕೊಂಡಿಯವರೆಗೆ ಹಣ ತಲುಪಿದೆಯೇ ಎಂದು ಪರಿಶೀಲಿಸುವುದು ಅಸಾಧ್ಯವೇನಲ್ಲ. ಅದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ಖರೀದಿ ವಿಭಾಗದ ಶಿಸ್ತು ಸಾಕು. ಅದಾಗದಿದ್ದರೆ, ಮುಂದಿನ ಸಂಘರ್ಷದಲ್ಲಿ ಕ್ಷಿಪಣಿ ಕಡಿಮೆ ಬಿದ್ದಾಗ ಪೀಣ್ಯದ ಯಂತ್ರಗಳು ಬೇರಾವುದೋ ವಸ್ತುವನ್ನು ತಯಾರಿಸುತ್ತಿರುತ್ತವೆ.